ಹಲಗೆಗಿಂತ ಮೊದಲು ದೋಣಿ: ಕಾರವಾರ, ಅಂಕೋಲೆಯಲ್ಲಿ ವಿಂಡ್‌ಸರ್ಫಿಂಗ್ ಕ್ಲಬ್ ಕಟ್ಟುವವರಿಗೆ

ವಿಂಡ್‌ಸರ್ಫಿಂಗ್ ಕ್ಲಬ್ ಮಾಡೋಣವೆಂದು ನಾಲ್ಕು ಜನ ಸೇರಿದರೆ ಮಾತು ಮೊದಲು ಹರಿಯುವುದು ಹಲಗೆಯ ಬೆಲೆಯತ್ತ. ಹೊಸದೋ ಹಳೆಯದೋ, ಗೋವಾದಲ್ಲಿ ಸಿಗುತ್ತದೋ ಮುಂಬೈಯಿಂದಲೇ ತರಿಸಬೇಕೋ ಎಂಬ ಲೆಕ್ಕಾಚಾರದಲ್ಲೇ ಎರಡು ಸಭೆ ಮುಗಿಯುತ್ತವೆ. ಕಾರವಾರ, ಅಂಕೋಲೆಯ ಕಡಲಲ್ಲಿ ಈ ಆಟಕ್ಕೆ ಇಳಿಯುವವರು ಆ ಖರ್ಚಿನ ಪಟ್ಟಿಯನ್ನು ತಿರುವಿ ಹಾಕಬೇಕು. ಮೊದಲ ಖರ್ಚು ಯಂತ್ರದ ದೋಣಿಯದು. ಎರಡನೆಯದು ಅದನ್ನು ನಡೆಸುವವನ ದಿನದ ಕೂಲಿ. ಮೂರನೆಯದು ಜಾಕೆಟ್. ಹಲಗೆ, ಹಾಯಿ ಆಮೇಲೆ.

ಇದು ಅತಿ ಎಚ್ಚರಿಕೆಯ ಮಾತೆನ್ನುವವರು ಇಲ್ಲಿನ ಇತ್ತೀಚಿನ ವರ್ಷಗಳನ್ನು ನೆನೆದರೆ ಸಾಕು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿ ಬಂದ. ಅದೇ ವರ್ಷ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಕೂರ್ಮಗಡದಲ್ಲೂ ಕಾಳಿಯಲ್ಲೂ ನೀರಿನಿಂದ ಜನರನ್ನು ಎತ್ತುವುದಕ್ಕೆ ಸ್ಥಳೀಯ ಮೀನುಗಾರರು ಕೈಹಾಕಿದ್ದರು. ಕ್ಲಬ್ಬಿನವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇದೇ: ಈ ತೀರದಲ್ಲಿ ರಕ್ಷಣೆಯೆಂದರೆ ಹತ್ತಿರದಲ್ಲಿ ಒಂದು ದೋಣಿ, ಅದರಲ್ಲಿ ನೀರು ಬಲ್ಲ ಒಬ್ಬ ಮನುಷ್ಯ. ಉಳಿದ ವ್ಯವಸ್ಥೆಗಳೆಲ್ಲ ಬರುವ ಹೊತ್ತಿಗೆ ತಡವಾಗಿರುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ

ಪಶ್ಚಿಮ ಘಟ್ಟ ಕಡಲಿಗೆ ಇಷ್ಟು ಹತ್ತಿರ ಬರುವ ಜಾಗ ಕರ್ನಾಟಕದ ಕರಾವಳಿಯಲ್ಲಿ ಹೆಚ್ಚಿಲ್ಲ. ಆಟಕ್ಕೆ ಅನುಕೂಲವೂ ಅಪಾಯವೂ ಅಲ್ಲಿಂದಲೇ ಹುಟ್ಟುತ್ತವೆ. ನವೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ತಣಿದ ನೆಲದಿಂದ ಬೆಳಗಿನ ಜಾವ ಮೂಡುಗಾಳಿ ಬೀಸುತ್ತದೆ. ಕಾಳಿ ಕಣಿವೆಯ ಬಾಯಲ್ಲಿ ಅದಕ್ಕೆ ಇನ್ನಷ್ಟು ಬಲ. ದಡದಲ್ಲಿ ನಿಂತವರಿಗೆ ಆಗ ಕಡಲು ಎಣ್ಣೆ ಹೊಯ್ದಂತೆ ನುಣ್ಣಗೆ ಕಾಣುತ್ತದೆ, ಅಲೆಯೇ ಇಲ್ಲ. ಹೊಸಬರು ಕಲಿಯಲು ಇದೇ ಸರಿಯಾದ ಹೊತ್ತೆಂದುಕೊಳ್ಳುತ್ತಾರೆ. ಅಲ್ಲ. ಆ ಗಾಳಿ ಬೀಸುತ್ತಿರುವುದು ಅರಬ್ಬಿ ಸಮುದ್ರದ ಕಡೆಗೆ. ದಡದ ಹತ್ತಿರ ಮರಗಳ ಮರೆಯಲ್ಲಿ ಮೆಲ್ಲಗಿರುವುದು ಇನ್ನೂರು ಮೀಟರ್ ಆಚೆ ಜೋರಾಗುತ್ತದೆ. ಹಾಯಿ ಬಿದ್ದು ಎತ್ತಲಾಗದವನನ್ನು ಅದು ಒಂದೇ ಸಮನೆ ಒಳಕಡಲಿಗೆ ತಳ್ಳುತ್ತದೆ. ಕಲಿಯುವವರಿಗೆ ಮೂಡುಗಾಳಿಯಲ್ಲಿ ನೀರಿಲ್ಲ ಎಂಬುದು ಕ್ಲಬ್ಬಿನ ಮೊದಲ ನಿಯಮವಾಗಬೇಕು, ಯಾರ ಮುಲಾಜಿಗೂ ಬದಲಾಗದ ನಿಯಮ.

ಹೊತ್ತು ಏರಿ ನೆಲ ಕಾದಂತೆ ಗಾಳಿ ನಿಲ್ಲುತ್ತದೆ, ಮಧ್ಯಾಹ್ನದ ಸುಮಾರಿಗೆ ದಿಕ್ಕು ಬದಲಿಸುತ್ತದೆ. ವಾಯವ್ಯದಿಂದ ಬರುವ ಈ ಕಡಲಗಾಳಿಯೇ ನಮ್ಮ ಆಟದ ಬಂಡವಾಳ. ಪಶ್ಚಿಮಕ್ಕೆ ಮುಖ ಮಾಡಿದ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಅದು ಓರೆಯಾಗಿ ತಾಗುವುದರಿಂದ ಹಲಗೆ ಎರಡೂ ಕಡೆಗೆ ಓಡುತ್ತದೆ. ಬಿದ್ದವನು ನಿಧಾನವಾಗಿ ದಡದತ್ತಲೇ ಬರುತ್ತಾನೆ. ಆದರೆ ನೆಟ್ಟಗೆ ಬರುವುದಿಲ್ಲ, ದಕ್ಷಿಣಕ್ಕೆ ಸರಿಯುತ್ತ ಬರುತ್ತಾನೆ. ಆ ಕಡೆ ಇರುವುದು ಬೈತಖೋಲ ಬಂದರು, ಬೋಟುಗಳ ದಾರಿ, ಬಂಡೆಗಳು. ಹಾಗಾಗಿ ನೀರಿಗಿಳಿಯುವ ಜಾಗವನ್ನು ಉತ್ತರಕ್ಕೆ ಇಟ್ಟುಕೊಂಡು ದಕ್ಷಿಣಕ್ಕೆ ಒಂದು ಕಾಣುವ ಗಡಿ ಗೊತ್ತುಮಾಡಿ. ಆ ಗಡಿ ದಾಟಿದವನನ್ನು ಕೇಳದೇ ದೋಣಿ ಎಳೆದು ತರಲಿ. ಇನ್ನೂ ಉತ್ತರಕ್ಕೆ, ಕಾಳಿಯ ಅಳಿವೆಯ ಹತ್ತಿರಕ್ಕೆ ಹೋಗುವುದೂ ಬೇಡ.

ಅಳಿವೆಯ ವಿಷಯ ಬೇರೆಯೇ. ಭರತ ಏರುವಾಗ ಸುಮ್ಮನಿರುವ ಕಾಳಿ ಇಳಿತ ಶುರುವಾದೊಡನೆ ಕಡಲಿಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅದರ ಎಳೆತ ಹೆಚ್ಚು. ಮಳೆಗಾಲದಲ್ಲಿ ಮೇಲೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರಂತೂ ಕೇಳುವುದೇ ಬೇಡ. ಪಡುವಣದ ಅಲೆ, ಎದುರು ಹರಿಯುವ ನದಿ ಎರಡೂ ಮರಳುದಿಬ್ಬದ ಮೇಲೆ ಸಂಧಿಸಿದಾಗ ನೀರು ನಿಂತಲ್ಲೇ ಎದ್ದೆದ್ದು ಒಡೆಯುತ್ತದೆ. ಸೇತುವೆಯ ಕಂಬಗಳ ಬಳಿ ಸೆಳೆತ ಹಲಗೆಯನ್ನೂ ಮನುಷ್ಯನನ್ನೂ ಕಂಬಕ್ಕೆ ಒತ್ತಿ ಹಿಡಿಯಬಲ್ಲದು. ಅಂಕೋಲೆಯ ಕಡೆ ಮಂಜಗುಣಿಯ ಗಂಗಾವಳಿ ಅಳಿವೆಗೂ ನದಿಭಾಗದ ತೊರೆ ಕಡಲು ಸೇರುವಲ್ಲಿಗೂ ಇದೇ ಮಾತು. ಬೆಲೇಕೇರಿಯ ಕೊಲ್ಲಿ ಇವಕ್ಕಿಂತ ಸೌಮ್ಯ. ಆದರೆ ಅಲ್ಲಿ ಲಂಗರು ಹಾಕಿದ ಬೋಟುಗಳ ಹಗ್ಗಗಳ ನಡುವೆ ಜಾಗ ಹುಡುಕಬೇಕು.

ಏಪ್ರಿಲ್, ಮೇ ತಿಂಗಳು ಕೈ ಪಳಗಿದವರಿಗೆ ಹಬ್ಬ, ಗಾಳಿ ದಿನವೂ ತಪ್ಪದು. ಆದರೆ ಸಂಜೆಯ ಹೊತ್ತಿಗೆ ಘಟ್ಟದ ಮೇಲೆ ಗುಡ್ಡೆಗಟ್ಟುವ ಮೋಡ ಪಡುವಣಕ್ಕೆ ಸರಿದು ಬಂದರೆ ಗಾಳಿ ಕ್ಷಣದಲ್ಲಿ ನಿಂತು ಮೂಡಲಿನಿಂದ ಹೊಡೆಯುತ್ತದೆ, ಹಿಂದೆಯೇ ಗುಡುಗು. ಕಡಲಿನತ್ತ ಮುಖ ಮಾಡಿ ಆಡುವವರಿಗೆ ಬೆನ್ನ ಹಿಂದಿನ ಆಕಾಶ ಕಾಣುವುದಿಲ್ಲ. ದಡದಲ್ಲಿ ಒಬ್ಬ ಪೂರ್ವಕ್ಕೆ ಮುಖಮಾಡಿ ಕೂರಬೇಕು, ಅವನ ಕೆಲಸ ಅದೊಂದೇ. ಮೊದಲ ಗುಡುಗಿಗೇ ಎಲ್ಲರೂ ಮೇಲೆ. ಹಾಯಿ ಹಿಡಿದಿಡುವ ಕಾರ್ಬನ್ನಿನ ಕಂಬ, ಅಂದರೆ ಮಾಸ್ಟ್, ಸಿಡಿಲಿಗೆ ಒಳ್ಳೆಯ ದಾರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಯಾರೂ ಇಳಿಯಬಾರದು.

ಗಾಳಿಯ ವೇಗ ಅಳೆಯಲು ಕೈಯಲ್ಲಿ ಹಿಡಿಯುವ ಸಣ್ಣ ಮಾಪಕ ಸಿಗುತ್ತದೆ, ಒಂದಿರಲಿ. ಹೊಸಬರಿಗೆ 10 ನಾಟ್, ಅಂದರೆ ಗಂಟೆಗೆ 18 ಕಿ.ಮೀ. ಸುಮಾರು, ಮೇಲಿನ ಮಿತಿ. ಮಾಪಕ ಕೈಕೊಟ್ಟರೆ ಕಡಲನ್ನೇ ನೋಡಿ: ಅಲ್ಲಲ್ಲಿ ಅಲ್ಲ, ಎಲ್ಲೆಡೆ ಬಿಳಿ ನೊರೆ ಕಾಣಿಸಿದರೆ ಅವರ ಪಾಠ ಅಂದಿಗೆ ಮುಗಿಯಿತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ದೂರದ ಕಡಲಿನಿಂದ ಬರುವ ಉಬ್ಬಲೆ, ಪ್ರವಾಹಗಳ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆಂದು ಎಚ್ಚರಿಕೆ ಹೊರಡಿಸುತ್ತದೆ. ಎರಡನ್ನೂ ಬೆಳಿಗ್ಗೆಯೇ ನೋಡಿ ಕಪ್ಪುಹಲಗೆಯ ಮೇಲೆ ಬರೆಯುವುದು ಕಾರ್ಯದರ್ಶಿಯ ಕೆಲಸ. ಮೀನುಗಾರರಿಗೆ ಇಳಿಯಬೇಡಿ ಎಂದ ದಿನ ಆಟಗಾರರಿಗೆ ಕೇಳಲು ಏನೂ ಉಳಿದಿರುವುದಿಲ್ಲ.

ಕಡಲು ಯಾರದು

ಕ್ಲಬ್ಬಿನ ಪದಾಧಿಕಾರಿಗಳು ಮೊದಲು ಹೋಗಿ ಕೂರಬೇಕಾದ ಜಾಗ ಕಚೇರಿಯಲ್ಲ, ಮೀನುಗಾರರ ಕೇರಿ. ಹರಿಕಂತ್ರ, ಖಾರ್ವಿ, ಗಾಬಿತ, ಅಂಬಿಗ, ಹೀಗೆ ಹಲವು ಸಮುದಾಯಗಳು ಈ ತೀರದಲ್ಲಿ ಬದುಕು ಕಟ್ಟಿಕೊಂಡಿವೆ. ಹೊರಗಿನಿಂದ ಬಂದ ಯೋಜನೆಗಳ ಬಗ್ಗೆ ಅವರ ಅನುಭವ ಸಿಹಿಯಲ್ಲ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರಿದ್ದಾರೆ. ಸಾಗರಮಾಲಾ ಯೋಜನೆಯ ಅಲೆತಡೆಗೋಡೆ ಟ್ಯಾಗೋರ್ ತೀರವನ್ನು ನುಂಗುತ್ತದೆಂದು 2020ರ ಜನವರಿಯಲ್ಲಿ ಕಾರವಾರ ಬೀದಿಗಿಳಿಯಿತು. ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರಿಗೆ ವಿರೋಧ ನಡೆದಿದೆ. ಇಂಥ ದಡದಲ್ಲಿ ನಾಲ್ಕು ಬಾವುಟ ನೆಟ್ಟು ‘ಇದು ಕ್ಲಬ್ಬಿನ ಜಾಗ’ ಎಂದರೆ ಮುಂದಿನ ಮಾತಿಗೆ ದಾರಿ ಇರುವುದಿಲ್ಲ.

ಕೇಳಬೇಕಾದ ಪ್ರಶ್ನೆ ಸರಳ: ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ನಾವು ನಿಮಗೆ ಅಡ್ಡಿಯಾಗುವುದಿಲ್ಲ? ಮಳೆಗಾಲ ಮುಗಿದ ಮೇಲೆ ರಂಪಣಿ ಬಲೆ ಬಿಡುವ ತಿಂಗಳುಗಳಲ್ಲಿ ಇದು ಮುಖ್ಯ. ದೋಣಿ ದಡದಿಂದ ಹೊರಟು ಬಲೆ ಬಿಡುತ್ತ ಅರ್ಧಚಂದ್ರ ಸುತ್ತಿ ಮತ್ತೆ ದಡಕ್ಕೆ ಬರುತ್ತದೆ, ಎರಡೂ ತುದಿ ಹಿಡಿದು ಜನ ಎಳೆಯುತ್ತಾರೆ. ನೀರ ಮೇಲೆ ಕಾಣುವುದು ತೇಲುಬುಂಡೆಗಳ ಸಾಲು ಮಾತ್ರ. ಅದರ ಮೇಲೆ ಹಲಗೆ ಓಡಿದರೆ ಅಡಿಯ ರೆಕ್ಕೆಗೆ ಬಲೆ ಸಿಕ್ಕಿ ಹರಿಯುತ್ತದೆ, ಒಳಗಿನ ಬಂಗಡೆ ಹಿಂಡು ಬೆದರಿ ಚದುರುತ್ತದೆ, ಒಂದು ತಂಡದ ದಿನದ ದುಡಿಮೆ ಹೋಗುತ್ತದೆ. ರಂಪಣಿ ದೋಣಿ ನೀರಿಗಿಳಿದದ್ದು ಕಂಡೊಡನೆ ಹಲಗೆಗಳೆಲ್ಲ ದಡಕ್ಕೆ ಬರಬೇಕು, ಬಲೆ ಮೇಲೆ ಬಂದ ಮೇಲೆ ಮತ್ತೆ ಇಳಿದರಾಯಿತು. ಅಷ್ಟು ಹೊತ್ತು ಬಲೆ ಎಳೆಯಲು ಕೈಕೊಟ್ಟರೆ ಇನ್ನೂ ಒಳ್ಳೆಯದು.

ರಕ್ಷಣಾ ದೋಣಿಯ ಪ್ರಶ್ನೆಯೂ ಇದೇ ಕೇರಿಯಲ್ಲಿ ಬಗೆಹರಿಯುತ್ತದೆ. ಗಾಳಿ ತುಂಬುವ ವಿದೇಶಿ ದೋಣಿ ಚೆನ್ನಾಗಿರುತ್ತದೆ, ಆದರೆ ಉಪ್ಪು, ಬಿಸಿಲಿನಿಂದ ಅದನ್ನು ಕಾಪಾಡುವವರು ಬೇಕು. ಅದಕ್ಕಿಂತ ಔಟ್‌ಬೋರ್ಡ್ ಯಂತ್ರವಿರುವ ನಾಡದೋಣಿಯನ್ನು ಅದನ್ನು ನಡೆಸುವ ತಾಂಡೇಲನ ಸಮೇತ ಆಟದ ದಿನಗಳಿಗೆ ಗೊತ್ತುಮಾಡುವುದೇ ಲೇಸು. ಯಾರೂ ಬೀಳದ ದಿನವೂ ಪೂರ್ತಿ ಹಣ ಕೊಡಬೇಕು. ‘ಇವತ್ತು ಕೆಲಸವೇ ಇರಲಿಲ್ಲವಲ್ಲ’ ಎಂದು ಚೌಕಾಶಿಗೆ ಇಳಿಯುವ ಖಜಾಂಚಿಯನ್ನು ಮುಂದಿನ ಸಭೆಯಲ್ಲೇ ಬದಲಿಸಿ. ತಾಂಡೇಲನಿಗೆ ಕಡಲು ಗೊತ್ತು, ಹಲಗೆ ಗೊತ್ತಿರುವುದಿಲ್ಲ. ಬಿದ್ದವನ ಹತ್ತಿರ ಬಂದಾಗ ಯಂತ್ರ ನಿಲ್ಲಿಸುವುದು, ತೇಲುವ ಹಗ್ಗಗಳು ಪಂಖಕ್ಕೆ ಸುತ್ತದಂತೆ ನೋಡುವುದು, ಮೊದಲು ಮನುಷ್ಯ ಆಮೇಲೆ ಸಾಮಾನು, ಇಷ್ಟನ್ನು ಜೊತೆಗೂಡಿ ಅಭ್ಯಾಸ ಮಾಡಬೇಕು. ದೋಣಿಯಲ್ಲಿ ಇಬ್ಬರಿರಲಿ: ಒಬ್ಬ ನಡೆಸಲು, ಒಬ್ಬ ಎತ್ತಲು. ಹದಿನೈದಿಪ್ಪತ್ತು ಮೀಟರ್ ಎಳೆಹಗ್ಗ, ಎಸೆಯುವ ಹಗ್ಗದ ಚೀಲ, ಲಂಗರು, ಹರಿತ ಚಾಕು, ಹುಟ್ಟು, ಕುಡಿಯುವ ನೀರು, ನೀರು ಹೋಗದ ಚೀಲದಲ್ಲಿ ಫೋನು. ನಡೆಸುವವನು ನೀರಿಗೆ ಬಿದ್ದರೆ ಯಂತ್ರ ತಾನೇ ನಿಲ್ಲುವಂತೆ ಮಾಡುವ ಸುರುಳಿ ದಾರ ಮಣಿಕಟ್ಟಿಗೋ ಮೊಣಕಾಲಿಗೋ ಇರಲೇಬೇಕು. ಇಲ್ಲಿನವರು ಅದನ್ನು ಕಟ್ಟಿಕೊಳ್ಳುವುದಿಲ್ಲ, ಗೊತ್ತು. ಕ್ಲಬ್ಬಿನ ದಿನ ಕಟ್ಟಿಕೊಳ್ಳಲಿ.

ನೌಕಾಪಡೆಯ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. 2005ರ ಮೇ 31ರಂದು ಸೇವೆಗೆ ಬಂದ ಸೀಬರ್ಡ್ ನೌಕಾನೆಲೆ, ಐಎನ್‌ಎಸ್ ಕದಂಬ, ಕೂತಿರುವುದೇ ಕಾರವಾರ ಪಟ್ಟಣ, ಅಂಕೋಲೆಗಳ ನಡುವಿನ ತೀರದಲ್ಲಿ. ಅರಗಾ ಕಡೆಯ ನೀರು, ಅಂಜುದೀವ್ ದ್ವೀಪದ ಸುತ್ತಲಿನ ನೀರು ನಾಗರಿಕರಿಗೆ ನಿಷಿದ್ಧ. ಕಾರವಾರದಿಂದ ಹಾಯಿ ಹಿಡಿದು ಅಂಕೋಲೆಗೆ ಹೋಗಿ ಮೀನೂಟ ಮಾಡಿ ಬರುವ ಕನಸನ್ನು ಇಲ್ಲೇ ಬಿಡಬೇಕು. ಹಾಗೆ ನೋಡಿದರೆ ಇದು ಎರಡು ದಡಗಳ ಕ್ಲಬ್: ಒಂದೇ ಸಂಘ, ಎರಡು ಶಾಖೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಡ್ರೋನ್ ಹಾರಿಸಿ ವಿಡಿಯೊ ಮಾಡುವ ಉತ್ಸಾಹಿಗಳನ್ನೂ ಮೊದಲೇ ತಡೆಯಿರಿ.

ಕಾಗದ, ಗುರು, ಸಲಕರಣೆ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಒಪ್ಪಿಸುವುದನ್ನು ತಪ್ಪಿಸಬಾರದು. ಜಿಲ್ಲಾಧಿಕಾರಿ ಕಚೇರಿ, ಪ್ರವಾಸೋದ್ಯಮ ಇಲಾಖೆ, ಬಂದರು ಇಲಾಖೆ, ಕರಾವಳಿ ಕಾವಲು ಪೊಲೀಸ್ ಈ ನಾಲ್ಕು ಕಡೆ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ದಡದ ಮರಳಿನ ಮೇಲೆ ಪಕ್ಕಾ ಕಟ್ಟಡ ಕಟ್ಟಲು ಕರಾವಳಿ ನಿಯಂತ್ರಣ ವಲಯದ ನಿಯಮ ಬಿಡುವುದಿಲ್ಲ. ಸಲಕರಣೆ ಇಡಲು ರಸ್ತೆಯಾಚೆ ಒಂದು ಬಾಡಿಗೆ ಕೋಣೆ ಸಾಕು. ಪ್ರವಾಸಿಗರಿಂದ ಹಣ ಪಡೆದು ಸವಾರಿ ಕೊಡುವುದಾದರೆ ಅದು ವ್ಯಾಪಾರ, ಅದರ ಪರವಾನಗಿಯೇ ಬೇರೆ. ಮೊದಲ ಎರಡು ವರ್ಷ ಆ ಗೋಜಿಗೆ ಹೋಗದಿರುವುದು ನನ್ನ ಸಲಹೆ.

ಕಲಿಸುವವರು ಎಲ್ಲಿ? ಗಡಿ ದಾಟಿದರೆ ಗೋವಾ. ಪಣಜಿ ಸುಮಾರು ನೂರು ಕಿ.ಮೀ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಅಲ್ಲಿದೆ. ಜೀವರಕ್ಷಣೆ, ಯಂತ್ರದೋಣಿ ಚಾಲನೆಯ ತರಬೇತಿ ಅಲ್ಲಿ ಸಿಗುತ್ತದೆ. ಮೊದಲ ವರ್ಷ ಇಬ್ಬರನ್ನು ಆರಿಸಿ ಕಳುಹಿಸಿ, ಅವರಲ್ಲೊಬ್ಬರು ಮೀನುಗಾರರ ಮನೆಯವರಾಗಿರಲಿ. ಸ್ಪರ್ಧೆಯ ಕಡೆಗೆ ಒಲವಿದ್ದವರಿಗೆ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ದಾರಿಯಿದೆ. ವಿಂಡ್‌ಸರ್ಫಿಂಗ್ 1984ರಿಂದ ಒಲಿಂಪಿಕ್ಸ್‌ನಲ್ಲಿದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಬಾದ್ ಅಲಿ ಭಾರತಕ್ಕೆ ಕಂಚು ತಂದರು. ತೀರದ ಸಣ್ಣ ಊರಲ್ಲಿ ಇಂಥದ್ದು ಬೇರೂರುವುದಿಲ್ಲ ಎನ್ನುವವರಿಗೆ ದಕ್ಷಿಣ ಕನ್ನಡದ ಮೂಲ್ಕಿ ಉತ್ತರ. ಅಲ್ಲಿನ ಮಂತ್ರ ಸರ್ಫ್ ಕ್ಲಬ್ ವರ್ಷಗಟ್ಟಲೆ ತಾಳ್ಮೆಯಿಂದ ಊರ ಹುಡುಗರಿಗೆ ಅಲೆಯೇರಲು ಕಲಿಸಿತು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು.

ಹಲಗೆ ಹಳೆಯದಾದರೂ ನಡೆದೀತು, ಜಾಕೆಟ್ ಹಳೆಯದು ಬೇಡ. ಕಲಿಯುವವರಿಗೆ 180ರಿಂದ 220 ಲೀಟರ್ ಗಾತ್ರದ ಅಗಲ ಹಲಗೆ, ನಡುವೆ ಇಳಿಬಿಡುವ ಡ್ಯಾಗರ್‌ಬೋರ್ಡ್ ಇರುವಂಥದ್ದು. ಮೂರೂವರೆಯಿಂದ ಐದು ಚದರ ಮೀಟರಿನ ಹಾಯಿ. ಜಾಕೆಟ್ 50 ನ್ಯೂಟನ್ ತೇಲುಬಲದ್ದು ಈಜು ಬಲ್ಲವರಿಗೆ ತಕ್ಕುದು. ಹಡಗಿನಲ್ಲಿ ಕೊಡುವ ದಪ್ಪ ಜಾಕೆಟ್ ತೊಟ್ಟವನು ಹಾಯಿಯ ಅಡಿಗೆ ಸಿಕ್ಕಿದರೆ ಮುಳುಗಿ ಹೊರಬರುವುದು ಕಷ್ಟ. ಈಜು ಬಾರದವರಿಗೆ ಜಾಕೆಟ್ ಕೊಟ್ಟು ಇಳಿಸುವ ಪದ್ಧತಿಯೇ ಬೇಡ. ಬಟ್ಟೆ ತೊಟ್ಟೇ ಐವತ್ತು ಮೀಟರ್ ಈಜಿ, ಐದು ನಿಮಿಷ ತೇಲಿ ತೋರಿಸಿದವರಿಗೆ ಮಾತ್ರ ಸದಸ್ಯತ್ವ. ಘಟ್ಟದ ಮೇಲಿನವರಿಗೂ ಕಡಲ ಮಗನಿಗೂ ಒಂದೇ ಪರೀಕ್ಷೆ. ತಲೆಗೆ ಹೆಲ್ಮೆಟ್, ಕಾಲಿಗೆ ತೆಳು ಬೂಟು. ಬಂಡೆಗಂಟಿದ ಕಲ್ವ ಚಿಪ್ಪಿನ ಅಂಚು ಬ್ಲೇಡಿನಷ್ಟೇ ಹರಿತ.

ನೀರಿನ ಮೇಲೆ

ಒಬ್ಬ ತರಬೇತುದಾರನಿಗೆ ಆರಕ್ಕಿಂತ ಹೆಚ್ಚು ಶಿಷ್ಯರು ಬೇಡ. ಸಮಿತಿಯಲ್ಲಿ ಎಷ್ಟೇ ಜನರಿದ್ದರೂ ಆ ದಿನ ‘ಇಳಿಯಿರಿ’, ‘ಬನ್ನಿ’ ಎನ್ನುವ ಅಧಿಕಾರ ಒಬ್ಬನಿಗೆ ಮಾತ್ರ. ಅವನು ನೀರಿಗಿಳಿಯಬಾರದು. ದಡದಲ್ಲಿ ಒಂದು ಬೋರ್ಡಿನ ಮೇಲೆ ಪ್ರತಿಯೊಬ್ಬರ ಹೆಸರು, ಇಳಿದ ಹೊತ್ತು, ಮೇಲೆ ಬಂದ ಹೊತ್ತು ಬರೆಯಬೇಕು. ಹೇಳದೇ ಮನೆಗೆ ಹೋದವನೊಬ್ಬನಿಗಾಗಿ ಕತ್ತಲಲ್ಲಿ ಕಡಲು ಜಾಲಾಡುವುದು ತಪ್ಪುತ್ತದೆ. ಸ್ನಾನ ಮಾಡುವವರಿಂದ ದೂರ, ಕಪ್ಪು ಬಿಳುಪು ಚೌಕದ ಎರಡು ಬಾವುಟಗಳ ನಡುವೆ ಹಲಗೆಗಳ ದಾರಿ. ಕೆಂಪು ಹಳದಿ ಬಾವುಟಗಳ ನಡುವಿನ ನೀರು ಈಜುಗಾರರದು, ಅಲ್ಲಿಗೆ ಹಲಗೆ ಹೋಗುವಂತಿಲ್ಲ.

ಪ್ರತಿ ಸದಸ್ಯನೂ ದಡದ ಮೇಲೆಯೇ ಕಲಿಯಬೇಕಾದ ಮೂರು ಸಂಗತಿಗಳಿವೆ. ಬೀಳುವಾಗ ತಲೆಕೆಳಗಾಗಿ ಹಾರಬಾರದು, ಮೈ ಚಪ್ಪಟೆಯಾಗಿ ಬೀಳಬೇಕು. ಟ್ಯಾಗೋರ್ ತೀರದಲ್ಲಿ ಬಹುದೂರ ಎದೆಮಟ್ಟದ ನೀರೇ. ಮೇಲೇಳುವಾಗ ಒಂದು ಕೈ ತಲೆಯ ಮೇಲಿರಲಿ, ಮಾಸ್ಟ್ ಬೀಳುವುದು ಅಲ್ಲೇ. ಹಾಯಿ ಮೇಲೆ ಮುಚ್ಚಿಕೊಂಡರೆ ಗಾಬರಿಯಾಗದೆ ಕೈಯೆತ್ತಿ ಬಟ್ಟೆಯನ್ನು ತಳ್ಳಿದರೆ ಉಸಿರಾಡಲು ಜಾಗವಾಗುತ್ತದೆ, ಆಮೇಲೆ ಹೊಲಿಗೆಯೊಂದನ್ನು ಹಿಡಿದು ಒಂದೇ ದಿಕ್ಕಿಗೆ ಸರಿಯುತ್ತ ಅಂಚು ಮುಟ್ಟಬೇಕು.

ಮರಳಲಾಗದಿದ್ದರೆ? ಹಲಗೆಯನ್ನು ಬಿಡಬಾರದು. ಈಜಿ ದಡ ಸೇರುತ್ತೇನೆಂಬ ಹುಮ್ಮಸ್ಸೇ ಪ್ರಾಣಕ್ಕೆ ಎರವು. ಹಲಗೆ ತೇಲುತ್ತದೆ, ದೂರದಿಂದ ಕಾಣುತ್ತದೆ. ಮೇಲೆ ಕೂತು ಎರಡೂ ತೋಳು ಅಗಲಿಸಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು ಜಗತ್ತಿನ ಎಲ್ಲ ನಾವಿಕರಿಗೂ ತಿಳಿದಿರುವ ಸಹಾಯದ ಸಂಜ್ಞೆ. ಇದನ್ನು ಕೇರಿಯ ತಾಂಡೇಲರಿಗೂ ಒಮ್ಮೆ ತೋರಿಸಿಡಿ, ಇಲ್ಲದಿದ್ದರೆ ಯಾರೋ ಖುಷಿಯಿಂದ ಕೈಬೀಸುತ್ತಿದ್ದಾನೆಂದು ಅವರೂ ಬೀಸಿ ಮುಂದೆ ಹೋದಾರು. ಗಾಳಿ ದಡದ ಕಡೆಗಿದ್ದರೆ ಹಾಯಿ ಸುತ್ತಿ ಹಲಗೆಯ ಮೇಲಿಟ್ಟು ಕೈಯಿಂದಲೇ ಹುಟ್ಟು ಹಾಕಬಹುದು. ಗಾಳಿ ಒಳಕಡಲಿಗಿದ್ದರೆ ಹಾಯಿಯನ್ನು ನೀರಿನಲ್ಲೇ ಹರಡಿ ಬಿಡಿ. ಅದು ಲಂಗರಿನಂತೆ ತಡೆದು ತೇಲಿಹೋಗುವ ವೇಗ ಕುಗ್ಗಿಸುತ್ತದೆ, ದೋಣಿಗೆ ಹುಡುಕಲು ಸಮಯ ಸಿಗುತ್ತದೆ.

ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554, ತುರ್ತು ನೆರವು 112, ಆಂಬುಲೆನ್ಸ್ 108: ಈ ಸಂಖ್ಯೆಗಳನ್ನು ಬೋರ್ಡಿನ ಮೇಲೂ ದೋಣಿಯ ಒಳಬದಿಯಲ್ಲೂ ಬಣ್ಣದಲ್ಲಿ ಬರೆಸಿ.

ನೀರು ಕುಡಿದವನನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ದಡಗಳಲ್ಲಿ ಇನ್ನೂ ನಡೆಯುತ್ತದೆ. ಅದು ನಿಲ್ಲಬೇಕು. ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ನುಗ್ಗುತ್ತದೆ, ಬೆಲೆಬಾಳುವ ನಿಮಿಷಗಳು ಹೋಗುತ್ತವೆ. ಮುಳುಗಿದವನಿಗೆ ಕೊರತೆಯಾಗಿರುವುದು ಉಸಿರು. ಪ್ರಜ್ಞೆಯಿಲ್ಲ, ಉಸಿರಿಲ್ಲ ಎಂದಾದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಮೊದಲು ಐದು ಸಲ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ ಮೂವತ್ತು ಒತ್ತು, ಎರಡು ಉಸಿರು, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸದೆ. ಎಚ್ಚರಾಗಿ ಎದ್ದು ಕೂತು ‘ಏನೂ ಆಗಿಲ್ಲ ಬಿಡು’ ಎಂದರೂ ಕೇಳದೆ ಆಸ್ಪತ್ರೆಗೆ ಒಯ್ಯಿರಿ. ಶ್ವಾಸಕೋಶದ ತೊಂದರೆ ಗಂಟೆಗಳ ನಂತರ ತಲೆದೋರಬಹುದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರವೇ ಇದೆ. ಬೆಲೇಕೇರಿ, ಕೇಣಿಯಲ್ಲಿ ಆಡುವವರು ಅಂಕೋಲೆಯ ತಾಲ್ಲೂಕು ಆಸ್ಪತ್ರೆಯ ದಾರಿ, ಆ ದಾರಿಗೆ ಹಿಡಿಯುವ ಹೊತ್ತು, ಹೋಗಲು ಸಿದ್ಧವಿರುವ ವಾಹನ ಮೂರನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈ ಉಸಿರು ಕೊಡುವ ಅಭ್ಯಾಸವನ್ನು ವರ್ಷಕ್ಕೆರಡು ಸಲ ಬೊಂಬೆಯ ಮೇಲೆ ಮಾಡಿಸಿ. ಪದಾಧಿಕಾರಿಗಳಿಗೆ ವಿನಾಯಿತಿ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಕ್ಲಬ್ಬಿನ ಬಾಗಿಲು ಅದಕ್ಕೂ ಮುಂಚೆ, ಮೇ ಕೊನೆಯ ವಾರದಲ್ಲೇ ಮುಚ್ಚಲಿ. ಹಾಯಿಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಸುತ್ತಿಡಬೇಕು. ಮಾಸ್ಟಿನ ಬುಡದ ರಬ್ಬರ್ ಕೀಲನ್ನು ಬಗ್ಗಿಸಿ ನೋಡಬೇಕು, ಬಿರುಕು ಕಂಡರೆ ಎಸೆಯಬೇಕು. ಕಡಲ ನಡುವೆ ಕಳಚಿಕೊಳ್ಳುವುದು ಆ ಕೀಲೇ. ಜಾಕೆಟ್‌ಗಳನ್ನು ಒಂದೊಂದಾಗಿ ನೀರಲ್ಲಿ ತೇಲಿಸಿ ಪರೀಕ್ಷಿಸಿ. ಈಜು ಪಾಠ, ವಾರ್ಷಿಕ ಸಭೆ, ವಿಮೆ ನವೀಕರಣ ಎಲ್ಲಕ್ಕೂ ಈ ಎರಡು ತಿಂಗಳು ಸರಿ. ನೂಲಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಕಡಲಿಗೆ ಇಳಿಯುತ್ತಾರೆಂದು ಹಲಗೆಯೂ ಆಗಲೇ ಇಳಿಯಬೇಕಿಲ್ಲ. ಅವರ ಕೈಯಲ್ಲಿ ಯಂತ್ರವಿದೆ, ಬೆನ್ನ ಹಿಂದೆ ತಲೆಮಾರುಗಳ ಅನುಭವವಿದೆ. ಕಲಿಯುವವರ ತರಗತಿ ದಸರೆ ಕಳೆದ ಮೇಲೆ ಶುರುವಾಗಲಿ, ಅದೂ ಮಧ್ಯಾಹ್ನ ಎರಡು ಗಂಟೆಗೆ, ದೋಣಿ ನೀರಲ್ಲಿ ನಿಂತ ಮೇಲೆ.